ಗದಿಗೆಪ್ಪನವರ ಹೆಬ್ಬೆರಳು

ಗದಿಗೆಪ್ಪನವರ ಬಲಗೈಯ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಡೆಟ್ರಾಯಿಟಿನ ಕಾರು ಕಾರ್ಖಾನೆಯೊಂದರಲ್ಲಿ ಬಣ್ಣದ ಪರೀಕ್ಷಕರಾಗಿದ್ದ ಅವರು, ಹಗಲೆಲ್ಲ ಹೊಳೆಯುವ ಬಾನೆಟ್ಟುಗಳ ಮೇಲೆ ಅದನ್ನಾಡಿಸಿ ಕಣ್ಣಿಗೆ ಕಾಣದ ದೋಷಗಳನ್ನು ಹಿಡಿದು, ಸಂಜೆ ನಮ್ಮ ಮನೆಗೆ ಬಂದರೆ ತಟ್ಟೆಯ ಅಂಚನ್ನೂ, ಮೇಜಿನ ಮೂಲೆಯನ್ನೂ, ಒಮ್ಮೆ ಮೈಮರೆತು ನನ್ನ ಬೋಳುತಲೆಯನ್ನೂ ಸವರಿ, "ಫಿನಿಶಿಂಗ್ ಛಲೋ ಅದ ನೋಡ್ರಿ" ಎಂದು ಸರ್ಟಿಫಿಕೇಟು ಕೊಟ್ಟವರು. ಮೊಣಕಾಲು ದಾಟುವ ಅವರ ಕರಿಯ ಓವರ್‌ಕೋಟಿನ ಒಂದು ಜೇಬಿನಲ್ಲಿ ವಿಭೂತಿಗಟ್ಟಿ, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆಯ ಶೀಶೆ. ಮಿಷಿಗನ್ನಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೆ ಶೀಶೆಯನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

ಅವರು ಗದಗಿನ ಕಡೆಯವರು. ಸಂತನೊಬ್ಬ ಐಕ್ಯನಾದ ಸ್ಥಳದ ಗದ್ದುಗೆಯೇ ಅವರಿಗೆ ದೈವ. ಹೆಸರು ಬಂದದ್ದೂ ಅದರಿಂದಲೇ. ಅವರ ಹೆಂಡತಿ ಇಂದುಮತಿಗೆ ಎರಡು ಬಾರಿ ಗರ್ಭಪಾತವಾಗಿತ್ತು. ಮೂರನೆಯ ಸಲ, ಮಗು ಉಳಿದರೆ ತೊಟ್ಟಿಲಿಗೆ ಹಾಕುವ ಮುನ್ನ ಗದ್ದುಗೆಯ ಮೇಲೆ ಮಲಗಿಸುತ್ತೇನೆಂದು ಆಕೆ ಹರಕೆ ಹೊತ್ತರು. ಅಮೆರಿಕದಲ್ಲಿ ಗದ್ದುಗೆ ಎಲ್ಲಿಂದ ತರುವುದು?

೧೯೬೯ರ ಮಾರ್ಚಿನಲ್ಲಿ, ನಾವಿಬ್ಬರೂ ಕಾರಿನಲ್ಲಿ ಸುತ್ತಾಡಲು ಹೋದಾಗ, ಡೆಟ್ರಾಯಿಟಿನಿಂದ ನಲವತ್ತು ಮೈಲಿ ಆಚೆ, ಅದು ಸಿಕ್ಕಿತು. ಹಿಂದೆ ಯಾರೋ ಶ್ರೀಮಂತ, ಫ್ರಾನ್ಸಿನ ಮಧ್ಯಯುಗದ ಸಂತನೊಬ್ಬನ ಸಮಾಧಿಯನ್ನು ಕಲ್ಲುಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ಅದಕ್ಕೊಂದು ಚರ್ಚು ಕಟ್ಟಿಸಿ ಸನ್ಯಾಸಿಗಳಿಗೆ ಒಪ್ಪಿಸಿದ್ದನಂತೆ. ಬೆಂಕಿ ಬಿದ್ದು ಛಾವಣಿ ಹೋಯಿತು, ಸನ್ಯಾಸಿಗಳೂ ಹೋದರು. ಪಾಳುಗೋಡೆಗಳ ನಡುವೆ ಸಮಾಧಿಯೊಂದೇ ಉಳಿಯಿತು. ರೋಗಿಗಳು ಕೈತೂರಿಸಿ ಬೇಡಿಕೊಳ್ಳಲೆಂದು ಅದರ ಪಕ್ಕೆಯ ಕಲ್ಲಿನಲ್ಲೇ ಕಮಾನಿನ ಗೂಡುಗಳಿದ್ದವು. ಗದಿಗೆಪ್ಪನವರು ಹಿಮದಲ್ಲೇ ಬೂಟು ಕಳಚಿಟ್ಟು, ಗೂಡಿನ ಸವೆದ ಅಂಚಿನ ಮೇಲೆ ಹೆಬ್ಬೆರಳಾಡಿಸಿ, "ಇದು ಮಷಿನ್ ಪಾಲಿಶ್ ಅಲ್ರೀ, ಮಂದಿ ಕೈ" ಎಂದರು. ಅವರ ಕಣ್ಣು ತುಂಬಿತ್ತು.

"ಇದು ಕ್ರಿಶ್ಚಿಯನ್ನರ ಸಂತಂದು ಕಣ್ರೀ" ಎಂದೆ.

"ಗದ್ದುಗಿ ಅಂದ್ರ ಗದ್ದುಗೀರಿ. ಒಳಗ ಮಲಗಿದವರ ಜಾತಿ ಕೇಳಿ ಕೈ ಮುಗೀತಾರೇನು?"

ಮರುವಾರ ಒಬ್ಬರೇ ಹೋಗಿ, ಊರಿನ ಪದ್ಧತಿಯಂತೆ ಕಲ್ಲಿಗೆ ಬೊಗಸೆ ತುಂಬ ಎಣ್ಣೆ ತಿಕ್ಕಿ ಬಂದರು. ನಮ್ಮ ಕರಿಗಲ್ಲು ಎಣ್ಣೆಗೆ ಮಿರುಗುತ್ತದೆ; ಆ ಬಿಳಿಯ ಸುಣ್ಣಕಲ್ಲು ಅದನ್ನು ಹೀರಿಕೊಂಡು ತಟ್ಟೆಯಗಲ ಕಪ್ಪಾಯಿತು. ಅದರ ಮುಂದಿನ ಭಾನುವಾರ ಗೇಟಿಗೆ ಬೀಗ, ಮೇಲೊಂದು ಬೋರ್ಡು: ಯಾರೋ ಕಲ್ಲು ಕೆಡಿಸಿದ್ದಾರೆ, ಪ್ರವೇಶವಿಲ್ಲ. ಸಾಸಿವೆಯಷ್ಟು ಕಲೆಗೆ ಕಾರನ್ನೇ ವಾಪಸು ಕಳಿಸುತ್ತಿದ್ದ ಮನುಷ್ಯ ಆ ಬೀಗ ಹಿಡಿದು ನಿಂತುಬಿಟ್ಟರು. ಹೆರಿಗೆಗೆ ಮೂರು ತಿಂಗಳೂ ಉಳಿದಿರಲಿಲ್ಲ.

"ಸುಮ್ಮನಿದ್ದುಬಿಡಿ, ಯಾರಿಗೂ ಗೊತ್ತಾಗಲ್ಲ" ಎಂದು ಬುದ್ಧಿ ಹೇಳಿದವನು ನಾನೇ. ಈಗ ಬರೆಯಲು ನಾಚಿಕೆಯಾಗುತ್ತದೆ. ಅವರು ನೇರವಾಗಿ ಬೀಗದ ಕೈ ಇಟ್ಟುಕೊಂಡಿದ್ದ ಪೋಲಿಶ್ ವಿಧವೆ ವಾಂಡಾಳ ಬಾಗಿಲು ತಟ್ಟಿ, ಟೊಪ್ಪಿಗೆ ತೆಗೆದು, ಮಾಡಿದ್ದು ನಾನು, ಒರೆಸಲು ಬಿಡಿ ಎಂದರು. ಆಕೆ ಬೈದಳು, ಆಮೇಲೆ ಗೇಟು ತೆಗೆದಳು. ಕಾರ್ಖಾನೆಯ ಕೆಮಿಸ್ಟನನ್ನು ಕೇಳಿ ಕಲಿತಂತೆ, ದ್ರಾವಕದಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಮೆತ್ತುವುದು, ಅದು ಎಣ್ಣೆ ಹೀರಿ ಒಣಗಿದ ಮೇಲೆ ಕೆರೆಯುವುದು. ಹೀಗೆ ಹನ್ನೆರಡು ಭಾನುವಾರ ಅವರು ಮಂಡಿಯೂರಿದರು. ವಾಂಡಾ ಮಡಿಸುವ ಕುರ್ಚಿಯಲ್ಲಿ ಕೂತು, ಕಾಫಿ ಹೀರುತ್ತ, ಅವರ ಹರಕೆಯ ಕಥೆ ಕೇಳುತ್ತ ಕಾವಲು ಕಾದಳು. ಹತ್ತನೆಯ ವಾರ ಇಂದುಮತಿಗೆ ಮಗಳು ಹುಟ್ಟಿದಳು.

ಹನ್ನೆರಡನೆಯ ಭಾನುವಾರ ನಾನೂ ಹೋಗಿದ್ದೆ. ಇಂದುಮತಿ ಮಗುವನ್ನೆತ್ತಿಕೊಂಡು ಕಾರಿನಲ್ಲೇ ಕೂತಿದ್ದರು. ಕಲ್ಲಿನಲ್ಲಿ ಹೆಬ್ಬೆರಳಿನಷ್ಟು ಕಲೆ ಉಳಿದಿತ್ತು. ಗದಿಗೆಪ್ಪನವರು ಅದನ್ನು ಸವರಿ, "ರಿಜೆಕ್ಟ್" ಎಂದು ತಲೆ ತಗ್ಗಿಸಿದರು. ವಾಂಡಾ ಎದ್ದು ಬಂದು, ಅವರ ಕೈಯನ್ನು ಎಳೆದು ಗೂಡಿನ ಸವೆದ ಅಂಚಿನ ಮೇಲಿಟ್ಟು, ಇದನ್ನೂ ಜನರೇ ಅಲ್ಲವೇನಯ್ಯಾ ಕೆಡಿಸಿದ್ದು ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು. ಆಮೇಲೆ ತನ್ನ ಶಾಲು ಬಿಚ್ಚಿ ಸಮಾಧಿಯ ಮೇಲೆ ಹಾಸಿ, ಮಗುವನ್ನು ತರುವಂತೆ ಕಾರಿನ ಕಡೆ ಕೈ ಬೀಸಿದಳು.

ಆ ದಿನ ಮಗುವಿನ ಹಣೆಯ ಮೇಲಾಡಿದ ಹೆಬ್ಬೆರಳು ಯಾವ ದೋಷವನ್ನೂ ಹುಡುಕಲಿಲ್ಲ.

ಭಕ್ತಿಯ ಭರದಲ್ಲಿ ತಪ್ಪು ಮಾಡಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮಾಡಿದ್ದು ನಾನೇ ಎಂದು ಬಾಗಿಲು ತಟ್ಟಿ, ಮಂಡಿಯೂರಿ ಒರೆಸಲು ಕೂತವರು ಅಪರೂಪ. ಬರಿಯ ಕಲ್ಲುಗಳು ಗದ್ದುಗೆಗಳಾದದ್ದು ಅಂಥವರ ಕೈ ತಾಗಿಯೇ ಇರಬೇಕು.