ಬೆಲ್ಟಿನ ಪಕ್ಕದ ಜಾಗ

"ನೀ ಮುಟ್ಟಿದ್ದಕ್ಕೇ ಕಣಲೇ ಪುಲ್ಲಿ ಬಿಚ್ಚಿದ್ದು! ಪೂಜೆ ಮಾಡಿದ ಶಾಫ್ಟು ಅದು. ಮಾರನೇ ದಿನಾನೇ ಬಂದು ಕೈ ಆಡಿಸಿದ್ಯಲ್ಲ, ಕೇರಿ ನನ್ಮಗನೆ!"

"ಗ್ರೀಸ್ ಹಾಕಾಕೆ ನೀವೇ ಕರೆಸಿದ್ರಿ ಸಾವ್ಕಾರ್ರೆ."

"ಬೇರಿಂಗಿಗೆ ಹಾಕು ಅಂದಿದ್ದೆ. ಶಾಫ್ಟು ಸವರು ಅಂದಿದ್ನಾ?"

ಲಕ್ಷ್ಮೀಕಾಂತನ ಎಂಜಲು ನನ್ನ ಕುತ್ತಿಗೆಯ ಮೇಲೆ ಬಿತ್ತು. ನಾನು ಶೇಂಗಾ ಸುಲಿಯುವ ಮೆಶೀನಿನ ಪಕ್ಕ ಮಂಡಿಯೂರಿ ಕೂತಿದ್ದೆ. ಅವನು ನನ್ನ ಬೆನ್ನ ಹಿಂದೆಯೇ ನಿಂತು ಕೂಗುತ್ತಿದ್ದ. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಕರಿ ಎಣ್ಣೆ ಮೆತ್ತಿತ್ತು.

ಧರ್ಮಪುರದ ಸುತ್ತಿನ ಹತ್ತು ಹಳ್ಳಿಯ ಶೇಂಗಾ ಬರುವುದು ಇವನ ಮಿಲ್ಲಿಗೆ. ಬೆಳಿಗ್ಗೆ ಮೋಟಾರು ಓಡುತ್ತಿರುವಾಗಲೇ ತಿರುಗುವ ಶಾಫ್ಟಿನ ತುದಿಯಲ್ಲಿರುವ, ಬೆಲ್ಟು ಓಡುವ ದೊಡ್ಡ ಪುಲ್ಲಿ ಸಡಿಲಾಗಿ ಹೊರಕ್ಕೆ ಸರಿದಿದೆ. ಬೆಲ್ಟು ಹಾರಿ, ಪಕ್ಕದಲ್ಲಿದ್ದ ತುಂಬಿದ ಚೀಲವನ್ನು ಬಾರುಕೋಲಿನಂತೆ ಸೀಳಿಹಾಕಿದೆ. ಆ ಚೀಲಕ್ಕೂ ನನ್ನ ಅಕ್ಕ ಚಂದ್ರಕ್ಕನಿಗೂ ನಡುವೆ ಇದ್ದದ್ದು ಮೂರು ಗೇಣು. ಮೆಶೀನಿನ ಬಾಯಿಗೆ ಕಾಯಿ ಸುರಿಯುವವಳು ಅವಳು. ಒಂಬತ್ತು ವರ್ಷದಿಂದ ಆ ಬೆಲ್ಟಿನ ಪಕ್ಕದಲ್ಲೇ ನಿಂತಿದ್ದಾಳೆ. ಬೆಲ್ಟಿಗೆ ಅಡ್ಡ ಒಂದು ಜಾಲರಿ ಹಾಕಿಸಿ ಎಂದು ನಾನು ಹೇಳಿದಾಗಲೆಲ್ಲ ಲಕ್ಷ್ಮೀಕಾಂತ, "ಯಾಕಲೇ, ನಿಮ್ಮಕ್ಕ ಅಲ್ಲಿ ಕುಣೀತಾಳಾ?" ಎಂದು ನಗುತ್ತಿದ್ದ.

ಶಾಫ್ಟಿನ ಮೇಲೊಂದು, ಪುಲ್ಲಿಯ ಒಳಗೊಂದು ಸೀಳು ಕೊರೆದಿರುತ್ತಾರೆ. ಎರಡನ್ನೂ ಎದುರುಬದುರು ಕೂಡಿಸಿ ನಡುವೆ ಉಕ್ಕಿನ ಬೆಣೆ ಬಡಿಯಬೇಕು. ಬೆಣೆ ಬಿಗಿಯಾಗಿರಬೇಕು, ಒಣಗಿರಬೇಕು. ಪುಲ್ಲಿಯನ್ನು ಹಿಡಿದಿಡುವುದು ಅದೊಂದೇ.

ಪುಲ್ಲಿಯನ್ನು ಎಳೆದು ತೆಗೆದೆ. ಹುಳಿ ನಾತ ಮೂಗಿಗೆ ಬಡಿಯಿತು. ಸೀಳಿನ ತುಂಬ ಕೆಂಪಿರುವೆ. ಕೊಳೆತ ಬಾಳೆಹಣ್ಣು, ಮೊಸರು, ಜೇನು, ತುಪ್ಪ, ಕುಂಕುಮ ಎಲ್ಲ ಕಲಸಿ ಕೂಸಿನ ಭೇದಿಯಂತೆ ಅಂಟಿಕೊಂಡಿತ್ತು. ಬೆಣೆ ಅದರೊಳಗೆ ಅಲ್ಲಾಡುತ್ತಿತ್ತು. ಬೆರಳಿಗೆ ಬಳಿದು ಎತ್ತಿ ಹಿಡಿದೆ.

"ನೋಡ್ರಿ. ಇದು ನನ್ನ ಗ್ರೀಸಾ?"

"ಪಂಚಾಮೃತ ಕಣಲೇ ಅದು! ಆ ಕೈಯಾಗೆ ಹಿಡ್ಕಂಡು ನನ್ನ ಮೂತಿಗೆ ತೋರಿಸ್ತೀಯಾ?"

"ಮೆಶೀನಿಗೆ ಯಾಕ್ರಿ ಕುಡಿಸಿದ್ರಿ ಇದನ್ನ?"

ಮೂಲೆಯಲ್ಲಿ ಬೀಜ ಆರಿಸುತ್ತಿದ್ದ ಹೆಂಗಸರಲ್ಲಿ ಲತಾ ಕಿಸಕ್ಕೆಂದಳು. ಲಕ್ಷ್ಮೀಕಾಂತ ಅತ್ತ ತಿರುಗಿದೊಡನೆ ಮೊರಕ್ಕೆ ಮುಖ ಹಾಕಿದಳು.

ನಾಲ್ಕು ದಿನದ ಹಿಂದೆ ಆಯುಧಪೂಜೆ. ನನ್ನ ಸುತ್ತಿಗೆ, ಪಾನಾಗಳನ್ನು ತರಿಸಿಕೊಂಡು, ತೊಳೆದು, ಹೂವಿಟ್ಟು ಒಳಗೆ ಸಾಲಾಗಿ ಇಟ್ಟಿದ್ದರು. ನಾನು ಅಂಗಳದಲ್ಲಿ ನಿಂತಿದ್ದೆ. ಪೂಜಾರಿ ಪ್ರಸಾದವನ್ನು ಒಂದು ಮೊಳ ಮೇಲಿನಿಂದ ಬಿಟ್ಟ. ಅರ್ಧ ನನ್ನ ಕೈಗೆ, ಅರ್ಧ ನೆಲಕ್ಕೆ. ಒಳಗೆ ಶಾಫ್ಟಿಗೆ ಅಭಿಷೇಕ ಮಾಡಿದ್ದನ್ನು ಲಕ್ಷ್ಮೀಕಾಂತ ವಿಡಿಯೋ ಮಾಡಿ ಊರಿಗೆಲ್ಲ ಕಳಿಸಿದ್ದ. ಮಾರನೇ ದಿನ ಹೊರಗಿನ ಅಂಟನ್ನು ನಾನೇ ಒರೆಸಿದ್ದೆ. ಒಳಗೆ ಇಷ್ಟು ಇಳಿದಿದೆ ಎಂದು ಗೊತ್ತಾದದ್ದು ಈಗ.

"ಬಾಯಿ ಮುಚ್ಕಂಡು ಕೂರಿಸು. ಮಧ್ಯಾಹ್ನಕ್ಕೆ ಲಾರಿ ಬರ್ತೈತೆ" ಎಂದು ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ.

ಸೀಮೆಎಣ್ಣೆ ಹಾಕಿ ಸೀಳನ್ನು ತೊಳೆದೆ. ಹಳೇ ಬನಿಯನ್ ಹರಿದು, ಬಟ್ಟೆ ಬೆಳ್ಳಗೇ ಬರುವವರೆಗೆ ಒರೆಸಿದೆ. ಹಳೆಯ ಬೆಣೆ ಸವೆದಿತ್ತು, ಬಿಸಾಕಿದೆ. ಹೊಸ ಉಕ್ಕಿನ ತುಂಡು ಹಿಡಿದು ಅರ ಹಾಕಲು ಕೂತೆ. ಮಸಿ ಬಳಿದು ಸೀಳಿಗೆ ಕೂರಿಸಿ ನೋಡುವುದು, ಮಸಿ ಅಳಿದ ಕಡೆ ಮತ್ತೆ ಅರ ಹಾಕುವುದು. ಹೀಗೆ ಇಪ್ಪತ್ತು ಸಲ. ಆಮೇಲೆ ಪುಲ್ಲಿ ಏರಿಸಿ ಬೆಣೆ ಬಡಿದೆ. ಮೊದಲು ಟಪ್ ಟಪ್ ಎನ್ನುತ್ತಿದ್ದ ಸದ್ದು ಏಳನೇ ಏಟಿಗೆ ಟಣ್ ಎಂದಿತು.

"ಕುಂತ್ಕಂತು" ಎಂದಳು ಅಕ್ಕ, ಹಿಂದಿನಿಂದ. ಅಷ್ಟು ವರ್ಷ ಆ ಸದ್ದಿನ ಪಕ್ಕ ನಿಂತವಳು. "ಗಟ್ಟಿ ಐತೇನಲೇ ತಿಮ್ಮೇಶ?"

"ಗಾಬರಿ ಆಗಬೇಡ. ಈ ಪುಲ್ಲಿ ಇನ್ನ ಅಲ್ಲಾಡಲ್ಲ."

ಅವಳು ತಲೆಗೆ ಬಟ್ಟೆ ಸುತ್ತಿಕೊಂಡು, ಸೆರಗು ಬಿಗಿದು ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಬೈಕಿನ ಸದ್ದಾಯಿತು. ಲಕ್ಷ್ಮೀಕಾಂತನ ಹಿಂದೆ ಪೂಜಾರಿ ಒಳಗೆ ಬಂದ, ಕೈಯಲ್ಲಿ ತಾಮ್ರದ ತಂಬಿಗೆ.

"ಆ ಬೆಣೆ ಕಿತ್ತು ಕೊಡಲೇ" ಎಂದ ಲಕ್ಷ್ಮೀಕಾಂತ.

ನನಗೆ ಸರಿಯಾಗಿ ಕೇಳಲಿಲ್ಲ ಅಂದುಕೊಂಡೆ. "ಯಾಕ್ರಿ?"

"ಶುದ್ಧಿ ಮಾಡಬೇಕು. ಬೆಳಿಗ್ಗಿಂದ ನೀ ತೊಡೆ ಮ್ಯಾಲೆ ಇಟ್ಕಂಡು ಉಜ್ಜಿದ್ದು ಅದು. ಗಂಜಲದಾಗೆ ತೊಳೆದು, ತುಪ್ಪ ಸವರಿ ಹಾಕ್ತಾರೆ. ಬಡಿಯಾದು ಶಿವರಾಜ ಬಡೀತಾನೆ."

ಶಿವರಾಜ ಅವನ ಟ್ರ್ಯಾಕ್ಟರು ಓಡಿಸುವವನು, ಅವನ ಜಾತಿಯವನೇ. ಸುತ್ತಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ತುಪ್ಪ ತಾಗಿದ್ರೆ ಮತ್ತೆ ಬಿಚ್ಚುತ್ತೆ ಸಾವ್ಕಾರ್ರೆ. ಬೆಳಿಗ್ಗೆ ಆಗಿದ್ದು ಅದೇ. ಅಲ್ಲಿ ನಮ್ಮಕ್ಕ ನಿಂತಿರ್ತಾಳೆ."

"ದೇವರ ಕೆಲ್ಸಕ್ಕೆ ಅಡ್ಡ ಬರಬೇಡಪ್ಪ" ಎಂದ ಪೂಜಾರಿ, ನನ್ನ ಮುಖ ನೋಡದೆ.

"ನೀರು ಚಿಮುಕಿಸ್ಕಳ್ರಿ, ಹೂ ಇಕ್ಕಳ್ರಿ, ನಾ ಬೇಡ ಅನ್ನಲ್ಲ. ಬೆಣೆ ಮಾತ್ರ ಮುಟ್ಟಬ್ಯಾಡ್ರಿ. ಕಾಲು ಹಿಡ್ಕಂತೀನಿ."

"ನಿಮ್ಮಕ್ಕ ಹೋದ್ರೆ ಇನ್ನೊಬ್ಳು ಬರ್ತಾಳೆ ಕಣಲೇ. ಮೈಲಿಗೆ ಆದ ಮೆಶೀನಿಗೆ ಕಾಯಿ ಯಾರು ತಂದು ಹಾಕ್ತಾರೆ, ನಿಮ್ಮಪ್ಪನಾ? ಕೀಳು ಅಂದ್ರೆ ಕೀಳು."

"ನಾ ಕೀಳಲ್ಲ."

ಶಿವರಾಜನೇ ಕಿತ್ತ. ಅರ್ಧ ಗಂಟೆ ಒದ್ದಾಡಿದ, ಬೆವರು ಸುರಿಸಿದ, ಎರಡು ಸಲ ತನ್ನ ಬೆರಳಿಗೇ ಬಡಿದುಕೊಂಡ. ಬೆಣೆ ತಂಬಿಗೆಗೆ ಬಿತ್ತು. ಉಚ್ಚೆಯ ನಾತ ಮಿಲ್ಲು ತುಂಬ ಹರಡಿತು. ಪೂಜಾರಿ ಏನೋ ಗೊಣಗುತ್ತ ಅದನ್ನು ಎತ್ತಿ, ಒರೆಸದೆಯೇ ತುಪ್ಪ ಮೆತ್ತಿದ. ಉಳಿದ ಗಂಜಲವನ್ನು ನಾನು ಬೆಳ್ಳಗೆ ಒರೆಸಿದ್ದ ಸೀಳಿಗೆ ಸುರಿದ. ಶಿವರಾಜ ಬೆಣೆ ಇಟ್ಟು ಬಡಿದ. ಎರಡೇ ಏಟಿಗೆ ಪೂರ್ತಿ ಇಳಿಯಿತು. ಪಿಚಕ್ಕೆಂದು ತುಪ್ಪ ಹೊರಗೆ ಬಂತು.

"ನೋಡ್ದಾ?" ಎಂದ ಲಕ್ಷ್ಮೀಕಾಂತ. "ನೀ ಅರ್ಧ ದಿನ ತಿಕ ಸವೆಸಿದೆ. ಅವನು ಎರಡೇಟು!"

ಶಿವರಾಜ ಬೆರಳು ಚೀಪುತ್ತ ನಕ್ಕ.

"ಚಂದ್ರೀ, ನಿಂತ್ಕಳೇ. ಸ್ವಿಚ್ ಹಾಕ್ತೀನಿ."

ಅಕ್ಕ ಬೆಲ್ಟಿನ ಹತ್ತಿರ ಹೋಗದೆ ಒಂದು ಕಂಬದ ಪಕ್ಕ ನಿಂತಿದ್ದಳು. ಆ ಎರಡು ಏಟಿನ ಸದ್ದನ್ನು ಅವಳು ಕೇಳಿದ್ದಳು.

"ನೀವು ನಿಂತ್ಕಳ್ರಿ" ಎಂದಳು.

"ಏನಂದೆ?"

"ಶುದ್ಧಿ ಆಗೈತಲ್ಲ. ನೀವು ನಿಂತ್ಕಳ್ರಿ ಒಂದು ಗಳಿಗೆ. ಇಲ್ಲಾಂದ್ರೆ ಐನೋರು ನಿಂತ್ಕಳ್ಲಿ. ಸ್ವಿಚ್ ನಾ ಹಾಕ್ತೀನಿ."

ಪುಲ್ಲಿಯ ಪಕ್ಕದಲ್ಲೇ ಇದ್ದ ಪೂಜಾರಿ, ಪಂಚೆಗೆ ಏನೋ ತಾಗಿತೆಂಬಂತೆ ಎತ್ತಿ ಹಿಡಿದುಕೊಂಡು, ನಾಲ್ಕು ಹೆಜ್ಜೆ ಸರಿದು ಚೀಲಗಳ ಆಚೆ ಹೋಗಿ ನಿಂತ. ಎಲ್ಲರೂ ನೋಡಿದರು. ಹೆಂಗಸರ ಕೈ ಮೊರದ ಮೇಲೇ ನಿಂತುಬಿಟ್ಟಿತು.

ಲಕ್ಷ್ಮೀಕಾಂತನ ಮುಖ ಕೆಂಪಾಯಿತು. "ಬೋಸುಡಿ, ನನಗೇ ನಿಂತ್ಕ ಅಂತೀಯಾ? ಒಂಬತ್ತು ವರ್ಷ ಅನ್ನ ಹಾಕೀನಿ ನಿನಗೆ!"

"ಹೂಂ. ಆ ಅನ್ನ ತಿಂದು ತಿಂದು ವಾಕರಿಕೆ ಬಂದೈತೆ."

ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅಲ್ಲೇ ಝಾಡಿಸಿದಳು. ಕೆಂಪು ಧೂಳು ಎದ್ದು ತಂಬಿಗೆಯ ಮೇಲೆ, ಪೂಜಾರಿಯ ಪಂಚೆಯ ಮೇಲೆ ಕೂತಿತು. ಬಟ್ಟೆ ಹೆಗಲಿಗೆ ಹಾಕಿಕೊಂಡು ಹೊರಟಳು.

"ಲೇ ಚಂದ್ರೀ! ನಿಂತ್ಕಳೇ! ನಾಳೆ ಬಂದು ಕಾಲಿಗೆ ಬಿದ್ರೂ ಸೇರಿಸಲ್ಲ!"

ನಾನು ನನ್ನ ಅರ, ಸುತ್ತಿಗೆ, ಪಾನಾಗಳನ್ನು ಚೀಲಕ್ಕೆ ತುಂಬಿದೆ. ಲಕ್ಷ್ಮೀಕಾಂತ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಮೂಲೆಯ ಕಡೆ ತಿರುಗಿದ.

"ಲತಾ, ನೀ ಬಾರೇ ಇಲ್ಲಿ."

ಲತಾ ತಲೆ ಎತ್ತಲಿಲ್ಲ.

"ನಿನ್ನೇ ಕಣೇ ಕರೀತಿರಾದು."

ಗೇಟಿಗೆ ಬಂದು ನೋಡಿದೆ. ಅಕ್ಕ ಬಸ್ಸು ನಿಲ್ಲುವ ಕಟ್ಟೆ ದಾಟಿ ನಡೆಯುತ್ತಿದ್ದಳು. ಕೂಗಿದೆ, ನಿಲ್ಲಲಿಲ್ಲ. ಲಕ್ಷ್ಮೀಕಾಂತ ಆಮೇಲೆ ಅವಳನ್ನು ಕರೆಯಲು ಎರಡು ಸಲ ಆಳು ಕಳಿಸಿದ. ಆ ಮಿಲ್ಲಿನ ಕಡೆ ಅವಳು ಮತ್ತೆ ಹೋಗಲಿಲ್ಲ.