ಕರಡಿಕಣ್ಣಿನ ಗಡ್ಡೆ

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನವೇ ಗಂಗಪ್ಪ ಕೂಡ್ಲಿಗಿಯಿಂದ ಬಸ್ಸು ಹಿಡಿದು ಹೂವಿನಹಡಗಲಿಗೆ ಬಂದ. ಅಕ್ಕ ಬಸಲಿಂಗಮ್ಮನ ಹಿತ್ತಲಲ್ಲಿ, ಬಾಯಿ ಒಡೆದ ಕೊಡದೊಳಗೆ, ಅವನೇ ನೆಟ್ಟುಹೋಗಿದ್ದ ಒಂದು ಕರಡಿಕಣ್ಣಿನ ಗಡ್ಡೆ ಇತ್ತು. ಇಷ್ಟೊತ್ತಿಗೆ ಅದು ಮೊಳೆಯಬೇಕಿತ್ತು.

ಬಸಲಿಂಗಮ್ಮ ಮಲ್ಲಿಗೆ ಕಟ್ಟುವವಳು. ಬೆರಳ ಗೆಣ್ಣುಗಳು ಊದಿ, ದಾರದ ಕುಣಿಕೆ ಬಿಗಿಯಾಗುತ್ತಿರಲಿಲ್ಲ. ಹೋದ ವರ್ಷ ಗಂಗಪ್ಪ ಗುಡ್ಡದಿಂದ ತಂದ ಕರಡಿಕಣ್ಣಿನ ಗಡ್ಡೆಯನ್ನು ತೇಯ್ದು ಹಚ್ಚಿದ ಮೇಲೆ ಬಾವು ಇಳಿದಿತ್ತು. ಈಗ ಮತ್ತೆ ಊದಿದ್ದವು. ಇನ್ನೊಂದು ಬುಟ್ಟಿ ಸಂಜೆಯ ಬಸ್ಸಿಗೆ ತಪ್ಪಿದರೆ ಕಟ್ಟುವ ಕೆಲಸವನ್ನು ಬೇರೆ ಮನೆಗೆ ಕೊಡುವುದಾಗಿ ಹೂವಿನ ವ್ಯಾಪಾರದ ಶಿವಬಸಮ್ಮ ಹೇಳಿ ಕಳಿಸಿದ್ದಳು.

ಅದು ಗುಡ್ಡದ ಬಳ್ಳಿ. ಎಲೆಯ ತುದಿಯೇ ಸುರುಳಿಯಾಗಿ ಮುಳ್ಳುಕಂಟಿಯನ್ನು ಹಿಡಿದು ಮೇಲೇರುತ್ತದೆ. ಹೂವು ಹಸಿರಾಗಿ ಬಿಚ್ಚಿ, ಹಳದಿಯಾಗಿ, ಕೊನೆಗೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬಳ್ಳಿಯೆಲ್ಲ ಒಣಗುತ್ತದೆ. ನೇಗಿಲಿನಂತೆ ಎರಡು ಕೊಂಬಾಗಿ ಬಾಗಿದ ಗಡ್ಡೆ ಮಾತ್ರ ಕಲ್ಲುಮಣ್ಣಿನಲ್ಲಿ ನೀರಿಲ್ಲದೆ ಮಲಗಿರುತ್ತದೆ, ಮುಂದಿನ ಮಳೆಯವರೆಗೆ. ಬಾಯಿಗೆ ಹಾಕಿದರೆ ವಿಷ. ಹಚ್ಚಲು ಒಂದು ಕೊಂಬು ಮುರಿದುಕೊಂಡು ಇನ್ನೊಂದನ್ನು ಮಣ್ಣಿಗೇ ಬಿಡಬೇಕು.

"ಬಾರೋ ಸಂಬಳದಾರ," ಎಂದಳು ಬಸಲಿಂಗಮ್ಮ. "ಬರಿಗೈಲೆ ಬಂದ್ಯಾ? ಅಷ್ಟು ದೊಡ್ಡ ಗುಡ್ಡದಾಗ ಅಕ್ಕಗ ನಾಕು ಕವಳಿಹಣ್ಣು ಸಿಗಲಿಲ್ಲೇನು?"

ಅವನು ನೇರ ಹಿತ್ತಲಿಗೆ ಹೋದ. ಕೊಡದ ಮಣ್ಣು ಕಪ್ಪಗಾಗಿ ಪಾಚಿ ಹಿಡಿದಿತ್ತು. ನಿನ್ನೆಯ ಒಂದು ಮಳೆಗೆ ಪಾಚಿ ಕಟ್ಟುವುದಿಲ್ಲ.

"ಅಕ್ಕಾ, ಇದಕ್ಕ ನೀರು ಹಾಕೀಯೇನು?"

"ಹಾಕದ ಬಿಡ್ತೀನೇನೋ? ದೀಪಾವಳಿಗೆ ಎಲಿ ಎಲ್ಲಾ ಒಣಗಿದ್ವು. ಮಲ್ಲಿಗಿಗೆ ಹಾಕಿದಂಗ ದಿನಾ ಒಂದು ಚೆಂಬು ಹಾಕೀನಿ. ಸಗಣಿಗೊಬ್ಬರಾನೂ ಕೊಟ್ಟೀನಿ."

"ಮುಟ್ಟಬ್ಯಾಡ ಅಂದಿದ್ನಲ್ಲಕ್ಕ."

"ಅಂದಿದ್ದಿ. ಒಣಗಿದ್ದನ್ನ ನೋಡಿಕೊಂತ ಸುಮ್ನ ಕುಂದ್ರಾಕ ಆಗ್ತೈತೇನು?"

ಗಂಗಪ್ಪ ಕೈಯಿಂದಲೇ ಮಣ್ಣು ಬಗೆದ. ಗಡ್ಡೆ ಸಿಕ್ಕಿತು. ಹಿಡಿದರೆ ಬೆಂದ ಕುಂಬಳದಂತೆ ಬೆರಳ ಸಂದಿಯಲ್ಲಿ ಜಾರಿತು. ಎರಡೂ ಕೊಂಬು ಕೊಳೆತಿದ್ದವು.

ಬಸಲಿಂಗಮ್ಮ ಬಗ್ಗಿ ನೋಡಿದಳು. "ಹೋಗ್ಲಿ ಬಿಡು. ಗುಡ್ಡದಾಗ ಇನ್ನೊಂದು ಹುಡುಕಿ ತಾ."

"ಗುಡ್ಡದಾಗ ಕಂಟಿ ಉಳಿದಿಲ್ಲಕ್ಕ. ಹಿಡಿಯಾಕ ಕಂಟಿ ಇಲ್ಲಂದ್ರ ಬಳ್ಳಿ ಎಲ್ಲಿ ಏಳ್ತೈತಿ? ಗುಂಡಿ ತೋಡುವಾಗ ಗಡ್ಡಿನೂ ಎದ್ದು ಬಿಸಲಾಗ ಬಿದ್ದು ಹೋದ್ವು. ನೀಲಗಿರಿ ನೆಟ್ಟಾರ."

"ಕಂಟಿ ಕಡಿದೋರು ಯಾರು?"

"ನಾನ. ಫಾರೆಸ್ಟಿನೋರು ಕಾವಲಿಗೆ ತಗೊಂಡ ಮ್ಯಾಲ ಮೊದಲನೇ ಕೆಲಸ ಅದ ಕೊಟ್ರು."

ಆ ನೌಕರಿ ಸಿಕ್ಕಾಗ ಓಣಿಗೆಲ್ಲ ಸಕ್ಕರೆ ಹಂಚಿದವಳು ಬಸಲಿಂಗಮ್ಮ.

"ಇಬ್ರೂ ಚಲೋ ಜ್ವಾಕಿ ಮಾಡೀವಿ ಬಿಡು," ಎಂದು ಅವಳು ಒಳಗೆ ಹೋದಳು.

ಮಧ್ಯಾಹ್ನ ಮೊಗ್ಗಿನ ಬುಟ್ಟಿ ಬಂತು. ಗಂಗಪ್ಪನೂ ದಾರ ಹಿಡಿದು ಕುಳಿತ. ಅವನ ಕೈಯಲ್ಲಿ ತೊಟ್ಟುಗಳು ಮುರಿದವು. ಅವಳ ಕುಣಿಕೆಗಳು ಸಡಿಲಾಗಿ, ಎತ್ತಿದರೆ ಮೊಗ್ಗುಗಳು ಒಂದೊಂದಾಗಿ ಉದುರಿದವು. ಅವಳು ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ನೋಡಿದಳು.

"ಮೊಗ್ಗು ಹಿಸುಕಬ್ಯಾಡೋ, ಅದೇನು ಗುದ್ದಲಿ ಹಿಡಿಕಿ ಅಲ್ಲ," ಎಂದು ಒಮ್ಮೆ ಗದರಿದಳು.

ಹೊತ್ತು ಇಳಿಯಿತು. ಸರ್ಕಲ್ಲಿನಲ್ಲಿ ಸಂಜೆಯ ಬಸ್ಸು ಹಾರ್ನ್ ಹಾಕಿತು. ಬುಟ್ಟಿ ಅರ್ಧವೂ ಇಳಿದಿರಲಿಲ್ಲ. ಹಾರ್ನಿನ ಸದ್ದು ಊರ ಹೊರಗೆ ಹೋಗುವವರೆಗೂ ಅವಳು ಕಟ್ಟುತ್ತಲೇ ಇದ್ದಳು. ಆಮೇಲೆ ದಾರವನ್ನು ಮಡಿಲಿನಿಂದ ತೆಗೆದು ಕೆಳಗಿಟ್ಟಳು.

ಬುಟ್ಟಿಯೊಳಗೆ ಮೊಗ್ಗುಗಳು ಬಿರಿಯತೊಡಗಿದ್ದವು. ಮನೆಯೆಲ್ಲ ಘಮ್ಮೆಂದಿತು.