ಎಂಟು ಕಚ್ಚಿನ ಪಟ್ಟಿ

ಟಿಕೋಟಾದಲ್ಲಿ ಬಾಟಲಿಗೆ ಪಟ್ಟಿ ಅಂಟಿಸದಿದ್ದರೆ ಒಳಗಿರುವುದು ಔಷಧವೆಂದು ಯಾರೂ ಒಪ್ಪುತ್ತಿರಲಿಲ್ಲ. ಹಣಮಂತರಾಯ ಡಾಕ್ಟರು ಬಬಲೇಶ್ವರದಿಂದ ವಾರಕ್ಕೆ ಮೂರು ದಿನ ಬಂದು ಹೋಗುತ್ತಿದ್ದರು. ಉಳಿದ ದಿನ ದವಾಖಾನೆಯೆಂದರೆ ಕಂಪೌಂಡರ್ ಯಲಗೂರಪ್ಪ, ಅವನ ಕತ್ತರಿ, ಅವನ ಗೋಂದಿನ ಡಬ್ಬಿ. ಕಾಗದದ ಪಟ್ಟಿಯನ್ನು ಮಡಚಿ, ಅಂಚಿಗೆ ಕಚಕಚ ಕಚ್ಚು ಹಾಕಿ ಬಾಟಲಿಯ ಬೆನ್ನಿಗೆ ಅಂಟಿಸುತ್ತಿದ್ದ. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಔಷಧ ಇಳಿದರೆ ಒಂದು ಹೊತ್ತಿನದು ಮುಗಿದಂತೆ. ಅಕ್ಷರ ಬಾರದವರೂ ಕಣ್ಣಳತೆಯಲ್ಲಿ ಕುಡಿಯುತ್ತಿದ್ದರು.

ಸಂತೆಯ ದಿನ ಹುಲಿಗೆವ್ವ ಬಂದಳು. ಕಂಕುಳಲ್ಲಿ ಹತ್ತು ತಿಂಗಳ ಕೂಸು, ಕೈಯಲ್ಲಿ ಹೆಬ್ಬೆರಳುದ್ದದ ಕಂದು ಬಾಟಲಿ. ಗಂಡ ಭಾಗಪ್ಪ ವಿಜಾಪುರದ ಇಬ್ರಾಹಿಂಪುರದಲ್ಲಿದ್ದುಕೊಂಡು ರೈಲ್ವೆ ಗ್ಯಾಂಗಿನಲ್ಲಿ ದುಡಿಯುತ್ತಿದ್ದ. ಕೂಸಿಗೆ ಶಕ್ತಿ ಬರುತ್ತದೆಂದು ಅಂಗಡಿಯವನು ಹೇಳಿದ್ದಕ್ಕೆ ಅದನ್ನು ಕೊಂಡು ಕಳಿಸಿದ್ದ.

"ಸಾಹೇಬ್ರ, ಇದಕ್ಕೊಂದು ಪಟ್ಟಿ ಹಚ್ಚಿ ಕೊಡ್ರಿ."

"ಇದು ನಮ್ಮ ಔಷಧ ಅಲ್ಲಬೇ. ಮ್ಯಾಲೆ ಎಲ್ಲಾ ಛಾಪಿಸ್ಯಾರ."

"ಛಾಪಿಸಿದ್ದು ನನಗೇನು ತಿಳೀತೈತ್ರಿ? ಇರುವಿ ಹರದಾಡಿದಂಗ ಕಾಣತೈತಿ. ನೀವು ಪಟ್ಟಿ ಹಚ್ಚಿದ್ರ ನಮಗ ಧೈರ್ಯ."

ಹಿಂದೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದ ರಸೂಲಸಾಬ ಸುಮ್ಮನಿರಲಿಲ್ಲ. "ಲಗೂನ ಹಚ್ಚಿ ಕಳಸ್ರಿ ಸಾಹೇಬ್ರ. ಇಲ್ಲಾಂದ್ರ ನಾ ಇಲ್ಲೇ ಸಾಯ್ತೀನಿ, ಆಮ್ಯಾಲೆ ನನ್ನ ಬೆನ್ನಿಗೂ ಒಂದು ಪಟ್ಟಿ ಹಚ್ಚಬೇಕಾಗತೈತಿ."

ಎಲ್ಲರೂ ನಕ್ಕರು. ಯಲಗೂರಪ್ಪನೂ ನಕ್ಕ. ಅವನು ಮೆಟ್ರಿಕ್ ತನಕ ಇಂಗ್ಲಿಷ್ ಓದಿದವನು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ್ದರೆ ಸಾಕಿತ್ತು, ಓದಲಿಲ್ಲ. ಕಣ್ಣಿಗೆ 'ವಿಟಮಿನ್' ಎಂಬ ಒಂದು ದಪ್ಪಕ್ಷರದ ಪದ ಬಿತ್ತು. ಶಕ್ತಿಯದಲ್ಲವೇ, ನಾಲ್ಕು ಹನಿ ಹೆಚ್ಚಾದರೆ ನಾಲ್ಕು ಹನಿ ಶಕ್ತಿ ಹೆಚ್ಚು, ಎಂದುಕೊಂಡ. ಎಂಟು ಕಚ್ಚು ಹಾಕಿ, ಛಾಪಿಸಿದ ಚೀಟಿಯ ಮೇಲೆಯೇ ಪಟ್ಟಿ ಬಡಿದ.

"ದಿನಾ ಒಂದು ಕಚ್ಚು."

ಆರನೆಯ ದಿನ ಬೆಳಿಗ್ಗೆ ಹುಲಿಗೆವ್ವನ ಅತ್ತೆ ಕಾಳವ್ವ ಬಂದಳು. ಅವಳ ಕೈಯಲ್ಲಿ ಇನ್ನೂ ತೆರೆಯದ ಒಂದು ಡಬ್ಬಿ.

"ಭಾಗಪ್ಪ ಇನ್ನೊಂದು ಬಾಟ್ಲಿ ಕಳಿಸ್ಯಾನ ಯಪ್ಪಾ, ಇದಕ್ಕೂ ಪಟ್ಟಿ ಹಚ್ಚಿಕೊಡು. ಕೂಸಿಗೆ ಆರಾಮಿಲ್ಲ. ಕುಡದ ಹಾಲೆಲ್ಲಾ ಕಾರತೈತಿ, ನೆತ್ತಿ ಉಬ್ಬೇತಿ. ನಿನ್ನೆ ಇಜಾಪುರದ ದೊಡ್ಡ ದವಾಖಾನಿಗೆ ಒಯ್ದಾರ. ಮಿದುಳಿನ ಬ್ಯಾನಿ ಇರಬೇಕಂತ. ಬೆನ್ನಾಗ ಸೂಜಿ ಚುಚ್ಚತಾರಂತ."

"ಈ ಬಾಟ್ಲಿ ವಿಷಯ ಅಲ್ಲಿ ಹೇಳೀರೇನು?"

"ಹ್ಯಾಂಗ ಹೇಳೂದು? ಹೊರಗಿನ ಔಷಧ ಅಂದ್ರ ಬೈತಾರ. ಹುಲಿಗೆವ್ವ ಸೆರಗಿನಾಗ ಮುಚ್ಚಿಟ್ಟುಕೊಂಡು ಹಾಕಾಕತ್ತಾಳ. ಕೂಸು ಸೊರಗೇತಂತ ಈಗ ದಿನಾ ಎರಡು ಕಚ್ಚು."

ಯಲಗೂರಪ್ಪ ಡಬ್ಬಿ ತೆರೆದ. ಬಾಟಲಿಯ ಜೊತೆಗೆ ಹನಿ ಹಾಕುವ ಒಂದು ಗಾಜಿನ ನಳಿಗೆ ಉರುಳಿತು, ತುದಿಗೆ ರಬ್ಬರ್ ಬುರುಡೆ.

"ಇಂಥಾದು ಮೊದಲಿನ ಡಬ್ಬಿಯೊಳಗೂ ಇತ್ತು," ಎಂದಳು ಕಾಳವ್ವ. "ಪೆನ್ನಿಗೆ ಶಾಯಿ ತುಂಬಾಕ ಚಲೋ ಆಗತೈತಂತ ಭಾಗಪ್ಪ ಅದನ್ನ ಗ್ಯಾಂಗಿನ ಮುಕಾದಮಗ ಕೊಟ್ಟಾನ."

ಯಲಗೂರಪ್ಪ ಈಗ ಬಾಟಲಿಯ ಮೇಲಿನದನ್ನು ಓದಿದ. ಒಂದು ವರ್ಷದೊಳಗಿನ ಕೂಸಿಗೆ ದಿನಕ್ಕೆ ಐದು ಹನಿ. ಹೇಳಿದ ಪ್ರಮಾಣ ಮೀರಬಾರದು. ಅಂಥದೇ ಒಂದು ಖಾಲಿ ಬಾಟಲಿ ಹುಡುಕಿ, ಎಂಟು ಕಚ್ಚಿನ ಇನ್ನೊಂದು ಪಟ್ಟಿ ಮಾಡಿ ಅದಕ್ಕೆ ಹಿಡಿದು, ನಳಿಗೆಯಿಂದ ಒಂದು ಕಚ್ಚಿನಷ್ಟು ನೀರನ್ನು ಹನಿಹನಿಯಾಗಿ ಬಿಡುತ್ತ ಎಣಿಸಿದ. ನಲವತ್ತಕ್ಕೆ ಅವನ ಕೈ ನಿಂತಿತು. ಕಚ್ಚು ಇನ್ನೂ ತುಂಬಿರಲಿಲ್ಲ.

"ಆ ಬಾಟ್ಲಿ ಇನ್ನ ಹಾಕಬ್ಯಾಡಂತ ಹೇಳಿ ಕಳಸಬೇ. ಅದು... ಹಳೇದಾಗೇತಿ."

ಸುಳ್ಳು ಎಷ್ಟು ಸಲೀಸಾಗಿ ಬಂತು!

"ಹಳೇದಾದ್ರೇನು, ನೀ ಹಚ್ಚಿದ ಪಟ್ಟಿ ಐತೆಲ್ಲ," ಎಂದು ಕಾಳವ್ವ ನಕ್ಕಳು. "ನಾ ಹೇಳಿದ್ರ ಅಕಿ ಕೇಳ್ತಾಳೇನು? ಕಂಪೌಂಡರ್ ಸಾಹೇಬ್ರು ಹೇಳ್ಯಾರ ಅಂತಾಳ."

ಅವನು ದವಾಖಾನೆಗೆ ಬೀಗ ಹಾಕಿ ವಿಜಾಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಯೋಚನೆ. ಕೂಸು ಹೋದರೆ ಮಿದುಳಿನ ಬೇನೆ ಎನ್ನುತ್ತಾರೆ. ಹುಲಿಗೆವ್ವ ಬಾಟಲಿಯನ್ನು ತಾನಾಗಿ ಯಾರಿಗೂ ತೋರಿಸುವುದಿಲ್ಲ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಯೋಚನೆ ಹಳೆಯ ಅಂಗಿಯಂತೆ ತನ್ನ ಮೈಗೆ ಸರಿಯಾಗಿ ಕೂತದ್ದು ಕಂಡು ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ದೊಡ್ಡ ದವಾಖಾನೆಯಲ್ಲಿ ಹುಲಿಗೆವ್ವ ಕೂಸಿನ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಅವನನ್ನು ಕಂಡು ಮುಖ ಅರಳಿತು. "ಸಾಹೇಬ್ರು ಬಂದ್ರಲ್ಲ, ಇನ್ನ ಕೂಸಿಗೆ ಚಿಂತಿಲ್ಲ."

"ಬಾಟ್ಲಿ ಕೊಡಬೇ."

ಅವಳು ಅತ್ತಿತ್ತ ನೋಡಿ ಸೆರಗಿನ ಗಂಟಿನಿಂದ ತೆಗೆದುಕೊಟ್ಟಳು. ಅವನು ಅದನ್ನು ಆಚೆಯ ಮಂಚ ನೋಡುತ್ತಿದ್ದ ಅಲ್ಲಿನ ಡಾಕ್ಟರ ಮುಂದೆ ಹಿಡಿದು, ಬೆರಳಿಗೆ ಉಗುಳು ಹಚ್ಚಿ ಪಟ್ಟಿಯನ್ನು ಕೆರೆಯತೊಡಗಿದ. ಅಂಟು ಗಟ್ಟಿಯಾಗಿತ್ತು. ತನ್ನ ಕೈಯ ಕೆಲಸ ಎಂದೂ ಕಳಪೆಯಾಗಿರಲಿಲ್ಲ. ಚೂರುಚೂರಾಗಿ ಎದ್ದು ಬಂದ ಕಾಗದದ ಕೆಳಗೆ ಅಕ್ಷರಗಳು ಕಂಡವು. ಗಟ್ಟಿಯಾಗಿ ಓದಿದ.

"ದಿನಕ್ಕ ಎಷ್ಟು ಹಾಕ್ಯಾರ?" ಡಾಕ್ಟರು ಕೇಳಿದರು.

"ನಲವತ್ತು ಹನಿ ಮ್ಯಾಲೆ. ಈಗ ಅದರ ಎರಡರಷ್ಟು."

"ಯಾರು ಹೇಳಿದ್ದು?"

"ನಾನ್ರಿ."

ಡಾಕ್ಟರು ಬಾಟಲಿಯನ್ನು ಕಿಸೆಗೆ ಹಾಕಿಕೊಂಡರು. "ವಿಟಮಿನ್ 'ಎ' ಅಂದ್ರ ನೀರಲ್ಲ. ಇಷ್ಟು ಹಾಕಿದ್ರ ನೆತ್ತಿ ಉಬ್ಬದ ಏನಾಗತೈತಿ? ನಿಲ್ಲಸ್ರಿ. ಎರಡು ಮೂರು ದಿನದಾಗ ಇಳೀಬೇಕು. ಸೂಜಿ ಈಗ ಬ್ಯಾಡ, ನೋಡೂಣು." ಮತ್ತೆ ಅವನ ಕಡೆ ತಿರುಗಲಿಲ್ಲ.

ಹುಲಿಗೆವ್ವ ನೆಲದ ಮೇಲೆ ಬಿದ್ದಿದ್ದ ಪಟ್ಟಿಯ ಚೂರುಗಳನ್ನು ಆರಿಸಿಕೊಂಡಳು. ಆಮೇಲೆ ಕೇಳಿದಳು. "ಅವತ್ತು ನಿಮಗ ಅದನ್ನ ಓದಾಕ ಬರ್ತಿತ್ತೇನ್ರಿ?"

"ಬರ್ತಿತ್ತು."

"ನನಗ ಬರೂದಿಲ್ಲಂತನ ನಿಮ್ಮ ಹತ್ರ ತಂದಿದ್ನಿ."

ಅವನು ಹೊರಡಲೆಂದು ಬಾಗಿಲ ಕಡೆ ತಿರುಗಿದ.

"ಎಲ್ಲಿ ಹೊಂಟ್ರಿ? ನೆತ್ತಿ ಇಳಿಯೂತನಕ ಇಲ್ಲೇ ಕುಂದರ್ರಿ."

ಯಲಗೂರಪ್ಪ ಅವಳೆದುರು ನೆಲದ ಮೇಲೆ ಕೂತ. ಉಗುರಿನ ಸಂದಿಯಲ್ಲಿ ಗೋಂದು ಒಣಗುತ್ತಿತ್ತು. ಕೂಸಿನ ನೆತ್ತಿ ಕೂದಲಿನ ಕೆಳಗೆ ಮಿಡಿಯುತ್ತಿತ್ತು.